ಮೈದಾನದಲ್ಲಿ ದಿನವೂ ನಿಲ್ಲುವವರು ಯಾರು? ಮಕ್ಕಳ ಕ್ರೀಡಾ ಶಿಬಿರಗಳ ಬಗ್ಗೆ ಕಲಬುರಗಿ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಹಾಗೂ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ಶರಣಬಸವೇಶ್ವರರ ಜಾತ್ರೆ ಮುಗಿದು ಬಿಸಿಲು ಏರತೊಡಗುತ್ತಿದ್ದಂತೆ ನಮ್ಮ ಊರಿನಲ್ಲಿ ಬೇಸಿಗೆ ಕ್ರೀಡಾ ಶಿಬಿರಗಳ ಬ್ಯಾನರ್‌ಗಳು ಕಾಣಿಸಿಕೊಳ್ಳುತ್ತವೆ. ಸೂಪರ್ ಮಾರ್ಕೆಟ್ಟಿನಿಂದ ಜಗತ್ ವೃತ್ತದವರೆಗೆ ನಡೆದು ಹೋದರೆ ಸಾಕು: ಕ್ರಿಕೆಟ್, ಕರಾಟೆ, ಸ್ಕೇಟಿಂಗ್, ಬ್ಯಾಡ್ಮಿಂಟನ್, ಅಥ್ಲೆಟಿಕ್ಸ್. ಹೆಸರಾಂತ ಆಟಗಾರರೊಬ್ಬರ ಚಿತ್ರ, ಒಂದು ಮೊಬೈಲ್ ಸಂಖ್ಯೆ, ಸೀಟುಗಳು ಕೆಲವೇ ಉಳಿದಿವೆ ಎಂಬ ಒಕ್ಕಣೆ. ಮಗುವಿಗೆ ದಿನವೂ ಕಲಿಸುವವರು ಯಾರು, ಅವರು ಏನು ಓದಿದ್ದಾರೆ, ಒಬ್ಬರ ಕೈಗೆ ಎಷ್ಟು ಮಕ್ಕಳು, ಬಿದ್ದು ಗಾಯವಾದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಎಂಬುದು ಮಾತ್ರ ಕಾಣುವುದಿಲ್ಲ.

ನಾನು ಜೇವರ್ಗಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಈಗ ಕಲಬುರಗಿಯಲ್ಲೇ ಇದ್ದೇನೆ. ರಜೆ ಹತ್ತಿರ ಬಂತೆಂದರೆ ಓಣಿಯ ತಾಯಂದಿರು, ಹಳೆಯ ವಿದ್ಯಾರ್ಥಿಗಳು ಬಂದು ಕೇಳುವುದು ಒಂದೇ ಮಾತು: ‘ಮೇಡಂ, ಹುಡುಗನನ್ನು ಯಾವ ಕ್ಯಾಂಪಿಗೆ ಹಾಕೋಣ?’ ನನಗೆ ತಿಳಿದದ್ದನ್ನು ಹೇಳಿ ಕಳುಹಿಸುತ್ತೇನೆ. ಆದರೆ ನನ್ನ ಮಾತು ಒಂದು ಓಣಿಯನ್ನು ದಾಟುವುದಿಲ್ಲ. ನಿಮ್ಮ ಒಂದು ಸುತ್ತೋಲೆ ಆಳಂದದಿಂದ ಯಡ್ರಾಮಿಯವರೆಗೆ ಮುಟ್ಟುತ್ತದೆ. ಅದಕ್ಕಾಗಿ ಈ ಪತ್ರ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಜಿಲ್ಲೆಯಲ್ಲಿ ಮಕ್ಕಳಿಗಾಗಿ ನಡೆಯುವ ಪ್ರತಿ ಕ್ರೀಡಾ ಶಿಬಿರವೂ ಹಣ ಪಡೆಯುವ ಮೊದಲು ಒಂದು ಪುಟದ ಮಾಹಿತಿಯನ್ನು ಪಾಲಕರ ಕೈಗೆ ಕೊಡಬೇಕು. ಅದನ್ನೇ ಮೈದಾನದ ಬಾಗಿಲಲ್ಲಿ ಕನ್ನಡದಲ್ಲಿ, ಬೇಕಾದ ಕಡೆ ಉರ್ದುವಿನಲ್ಲೂ ಅಂಟಿಸಬೇಕು. ಬಸ್ ನಿಲ್ದಾಣದ ಪಕ್ಕದಲ್ಲಿ ಖಾನಾವಳಿ ನಡೆಸುವವರು ಆಹಾರ ಸುರಕ್ಷತಾ ನೋಂದಣಿ ಸಂಖ್ಯೆಯನ್ನು ಗಿರಾಕಿಗೆ ಕಾಣುವಂತೆ ಗೋಡೆಗೆ ಹಾಕಬೇಕೆಂಬ ನಿಯಮವಿದೆ. ಒಂದು ಹೊತ್ತಿನ ಊಟಕ್ಕೆ ಇರುವ ಈ ಎಚ್ಚರ, ಒಂದೂವರೆ ತಿಂಗಳು ಮಗುವಿನ ಮೂಳೆ, ಉಸಿರು, ಮನಸ್ಸು ಎಲ್ಲವನ್ನೂ ಒಪ್ಪಿಸುವ ಜಾಗಕ್ಕೂ ಬೇಕು.

ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಹಲವು ಶಿಬಿರಗಳು ನಡೆಯುವುದು ಸರ್ಕಾರಿ ಶಾಲೆ, ಕಾಲೇಜುಗಳ ಮೈದಾನಗಳಲ್ಲಿ ಅಥವಾ ಇಲಾಖೆಯ ಕ್ರೀಡಾಂಗಣಗಳಲ್ಲಿ. ಮೈದಾನ ಬಳಸಲು ಕೊಡುವ ಅನುಮತಿ ಪತ್ರದಲ್ಲಿ ಒಂದು ಷರತ್ತು ಸೇರಿಸಿದರೆ ಕೆಲಸ ಅರ್ಧ ಮುಗಿಯಿತು. ಖಾಸಗಿ ಜಾಗದಲ್ಲಿ ನಡೆಸುವವರಿಗೆ ಇಲಾಖೆಯ ಮನವಿ ಹೋಗಲಿ. ಪುಟ ಕೊಟ್ಟವರ ಪಟ್ಟಿ ಪತ್ರಿಕೆಗಳಲ್ಲಿ ಬರಲಿ. ಯಾರ ಹೆಸರು ಇದೆ, ಯಾರ ಹೆಸರು ಇಲ್ಲ ಎಂಬುದನ್ನು ಪಾಲಕರೇ ನೋಡಿಕೊಳ್ಳುತ್ತಾರೆ.

ಆ ಪುಟದಲ್ಲಿ ಮೊದಲು ಬರಬೇಕಾದದ್ದು ಕಲಿಸುವವರ ಹೆಸರು ಮತ್ತು ಅರ್ಹತೆ. ಬ್ಯಾನರ್‌ಗಳಲ್ಲಿ ‘ಎನ್‌ಐಎಸ್ ತರಬೇತುದಾರರು’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಪಟಿಯಾಲದಲ್ಲಿ 1961ರಲ್ಲಿ ಆರಂಭವಾದ, ಈಗ ನೇತಾಜಿ ಸುಭಾಷರ ಹೆಸರಿನಲ್ಲಿರುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ನಮ್ಮ ದೇಶದ ತರಬೇತುದಾರರ ಗುರುಮನೆ. ಅಲ್ಲಿ ಒಂದೇ ಕ್ರೀಡೆಯನ್ನು ಆರಿಸಿಕೊಂಡು ಕಲಿಯುವ ಒಂದು ವರ್ಷದ ಡಿಪ್ಲೊಮಾ ಇದೆ, ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಇದೆ. ಎರಡೂ ಗೌರವದ ಓದೇ. ಆದರೆ ಅವು ಒಂದೇ ಅಲ್ಲ, ಮತ್ತು ಬ್ಯಾನರ್ ಎರಡನ್ನೂ ಒಂದೇ ಮಾಡಿಬಿಡುತ್ತದೆ. ನನ್ನಂತೆ ಬಿ.ಪಿ.ಎಡ್. (ದೈಹಿಕ ಶಿಕ್ಷಣ ಪದವಿ) ಓದಿದವರು ಎಲ್ಲ ಆಟಗಳ ಅಡಿಪಾಯ ಹಾಕಬಲ್ಲೆವು. ಜಾವೆಲಿನ್ ಎಸೆತದ ಸೂಕ್ಷ್ಮಗಳನ್ನೋ ಈಜಿನ ಸೂಕ್ಷ್ಮಗಳನ್ನೋ ಕಲಿಸಲು ಆಯಾ ಆಟವನ್ನೇ ಅಭ್ಯಾಸ ಮಾಡಿದವರು ಬೇಕು. ರಾಜ್ಯ ಮಟ್ಟದಲ್ಲಿ ಆಡಿದ್ದೇನೆ ಎನ್ನುವುದು ಒಳ್ಳೆಯ ಸಂಗತಿ, ಆದರೆ ಆಡುವುದು ಬೇರೆ, ಹತ್ತು ವರ್ಷದ ಮಗುವಿಗೆ ಕಲಿಸುವುದು ಬೇರೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹೆಸರು ಹಾಕಿಸಿಕೊಂಡ ದೊಡ್ಡ ತರಬೇತುದಾರರು ಉದ್ಘಾಟನೆಗೆ ಬರುತ್ತಾರೆ, ಸಮಾರೋಪಕ್ಕೆ ಬರುತ್ತಾರೆ. ನಡುವಿನ ದಿನಗಳಲ್ಲಿ ಸೀಟಿ ಊದುವವರು ಹಿಂದಿನ ವರ್ಷ ಅದೇ ಶಿಬಿರದಲ್ಲಿ ಕಲಿತ ಕಾಲೇಜು ಹುಡುಗರು. ಅವರ ಉತ್ಸಾಹದ ಬಗ್ಗೆ ನನಗೆ ಪ್ರೀತಿಯಿದೆ. ನೋಡಿಕೊಳ್ಳುವ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಅವರೇ ಮುಂದೆ ಒಳ್ಳೆಯ ತರಬೇತುದಾರರಾಗುತ್ತಾರೆ. ಆದ್ದರಿಂದ ಪಾಲಕರು ಕೇಳಬೇಕಾದದ್ದು ‘ಕೋಚ್ ಯಾರು’ ಎಂದಲ್ಲ, ‘ಬುಧವಾರ ಬೆಳಿಗ್ಗೆ ಆರು ಗಂಟೆಗೆ ಮೈದಾನದಲ್ಲಿ ಯಾರಿರುತ್ತಾರೆ’ ಎಂದು. ರಾಹುಲ್ ದ್ರಾವಿಡ್ ಅವರ ಪ್ರತಿಭೆಯನ್ನು ತರಬೇತುದಾರ ಕೆಕಿ ತಾರಾಪೋರ್ ಗುರುತಿಸಿದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಒಂದು ಬೇಸಿಗೆ ಶಿಬಿರದಲ್ಲಿ. ಪಳಗಿದ ಕಣ್ಣೊಂದು ಆ ದಿನ ಆ ಮೈದಾನದಲ್ಲಿ ಇದ್ದುದರಿಂದಲೇ ಅದು ಸಾಧ್ಯವಾಯಿತು. ಬೇಸಿಗೆ ಶಿಬಿರವನ್ನು ಮಕ್ಕಳನ್ನು ರಜೆಯಲ್ಲಿ ಸುಮ್ಮನಿರಿಸುವ ಜಾಗ ಎಂದು ಕಡೆಗಣಿಸುವವರು ಇದನ್ನು ನೆನೆಯಬೇಕು.

ಎರಡನೆಯದು ಮಕ್ಕಳ ಸಂಖ್ಯೆ. ಕ್ರಿಕೆಟ್ ಶಿಬಿರದ ಲೆಕ್ಕವನ್ನೇ ಹಾಕಿ ನೋಡಿ. ಎರಡು ನೆಟ್, ಒಂದೂವರೆ ಗಂಟೆ, ನಲವತ್ತು ಮಕ್ಕಳು. ಎರಡೂ ನೆಟ್‌ಗಳು ಒಂದು ನಿಮಿಷವೂ ಖಾಲಿ ಬೀಳದಿದ್ದರೂ ಒಬ್ಬನಿಗೆ ಬ್ಯಾಟ್ ಹಿಡಿಯಲು ಸಿಗುವುದು ನಾಲ್ಕೂವರೆ ನಿಮಿಷ. ಉಳಿದ ಹೊತ್ತು ಅವನು ಏನು ಮಾಡುತ್ತಾನೆ? ಶಿಬಿರದ ಗುಣ ತಿಳಿಯುವುದು ಅಲ್ಲಿಯೇ. ಒಂದು ಮೈದಾನದಲ್ಲಿ ಮಕ್ಕಳು ಪ್ಯಾಡ್ ಕಟ್ಟಿಕೊಂಡು ಸಾಲಿನಲ್ಲಿ ಕೂತು ಒಬ್ಬರಿಗೊಬ್ಬರು ಮಣ್ಣೆರಚುತ್ತಿದ್ದುದನ್ನು ನೋಡಿದ್ದೇನೆ. ಇನ್ನೊಂದು ಮೈದಾನದಲ್ಲಿ ಅಷ್ಟೇ ಮಕ್ಕಳಿದ್ದರು. ಕಲಿಸುವವರು ಸುಣ್ಣದಲ್ಲಿ ನಾಲ್ಕು ಚೌಕ ಎಳೆದಿದ್ದರು. ಒಂದರಲ್ಲಿ ಕ್ಯಾಚ್, ಒಂದರಲ್ಲಿ ನೆಲಕ್ಕೆ ಬಾಗಿ ಚೆಂಡು ಹಿಡಿದು ಒಂಟಿ ಸ್ಟಂಪಿಗೆ ಎಸೆಯುವುದು, ಒಂದರಲ್ಲಿ ವಿಕೆಟ್‌ಗಳ ನಡುವಿನ ಓಟ, ಒಂದರಲ್ಲಿ ನೆರಳು ಮತ್ತು ನೀರು. ಸೀಟಿ ಹೊಡೆದಾಗ ಚೌಕ ಬದಲು. ಒಂದು ಪೈಸೆಯ ಹೆಚ್ಚಿನ ಸಾಮಾನೂ ಇರಲಿಲ್ಲ. ಹಿಂದಿನ ರಾತ್ರಿ ಕೂತು ಯೋಚಿಸಿ ಬಂದವರು ಮಾಡುವ ಕೆಲಸ ಅದು.

ಪಾಲಕರಿಗೆ ನಾನು ಯಾವಾಗಲೂ ಹೇಳುವುದು, ಹಣ ಕಟ್ಟುವ ಮೊದಲು ಒಂದು ದಿನ ಹೋಗಿ ಮೈದಾನದ ಅಂಚಿನಲ್ಲಿ ಪೂರ್ತಿ ಹೊತ್ತು ಕೂತು ನೋಡಿ ಎಂದು. ಒಳ್ಳೆಯವರು ಬೇಡ ಎನ್ನುವುದಿಲ್ಲ. ಮೊದಲ ಹತ್ತು ನಿಮಿಷ ಮೈ ಬಿಸಿ ಮಾಡಿಸುತ್ತಾರೆಯೇ, ಕೊನೆಗೆ ನಿಧಾನಕ್ಕೆ ತಣಿಸುತ್ತಾರೆಯೇ ನೋಡಿ. ಎಲ್ಲರಿಗಿಂತ ಹಿಂದೆ ಉಳಿದ ಮಗುವಿನ ಹತ್ತಿರ ಹೋಗಿ ಮಾತನಾಡುತ್ತಾರೆಯೇ, ಇಲ್ಲ ಚುರುಕಾದ ನಾಲ್ವರ ಸುತ್ತಲೇ ತಿರುಗುತ್ತಾರೆಯೇ ನೋಡಿ. ಬೈಗುಳ, ಕಿವಿ ಹಿಂಡುವುದು, ಬಿಸಿಲಲ್ಲಿ ಸುತ್ತು ಹಾಕಿಸುವ ಶಿಕ್ಷೆ ಕಂಡರೆ ಅಲ್ಲಿಂದಲೇ ಎದ್ದು ಬನ್ನಿ.

ಇನ್ನು ಬಿಸಿಲು. ಇದರ ಬಗ್ಗೆ ನಿಮಗೆ ಹೆಚ್ಚು ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವಂತೆ ಸರ್ಕಾರವೇ ಆದೇಶ ಹೊರಡಿಸುತ್ತ ಬಂದಿದೆ. ಫ್ಯಾನಿನ ಕೆಳಗೆ ಕೂತು ಕಡತ ನೋಡುವ ದೊಡ್ಡವರಿಗೇ ಈ ಬಿಸಿಲು ಕಷ್ಟ ಎಂದು ಒಪ್ಪಿಕೊಂಡ ಮೇಲೆ, ಅದೇ ಮೇ ತಿಂಗಳಲ್ಲಿ ಸಂಜೆ ನಾಲ್ಕಕ್ಕೆ ಮಕ್ಕಳನ್ನು ಬಟ್ಟಬಯಲಿನಲ್ಲಿ ಓಡಿಸುವುದನ್ನು ಹೇಗೆ ಒಪ್ಪುವುದು? ನಾಲ್ಕು ಗಂಟೆಗೆ ನಮ್ಮಲ್ಲಿ ಬಿಸಿಲು ಇಳಿದಿರುವುದಿಲ್ಲ, ನೆಲವಂತೂ ಕಾದೇ ಇರುತ್ತದೆ. ಬೆಳಿಗ್ಗೆ ಐದೂವರೆಯಿಂದ ಏಳೂವರೆ, ಸಂಜೆ ಐದೂವರೆಯ ನಂತರ: ಇದನ್ನು ನೀವು ಕಡ್ಡಾಯ ಮಾಡಬಹುದು. ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು; ಆದ್ದರಿಂದ ಮೊದಲ ವಾರವೇ ಕಠಿಣ ಓಟ ಹಾಕಿಸುವ ಶಿಬಿರಕ್ಕೆ ಈ ನೆಲದ ಅರಿವಿಲ್ಲ.

ನೀರಿನ ಲೆಕ್ಕವೂ ಹೀಗೆಯೇ. ಇಪ್ಪತ್ತು ಲೀಟರಿನ ಒಂದು ಕ್ಯಾನ್ ತಂದಿಟ್ಟು ನೀರಿನ ವ್ಯವಸ್ಥೆ ಇದೆ ಎನ್ನುತ್ತಾರೆ. ಅರವತ್ತು ಮಕ್ಕಳಿಗೆ ಹಂಚಿದರೆ ತಲೆಗೆ ಮೂರನೇ ಒಂದು ಲೀಟರ್. ಎರಡು ಗಂಟೆ ಬೆವರು ಸುರಿಸುವ ಮಗುವಿಗೆ ಅದು ಯಾವ ಮೂಲೆಗೆ? ಓಆರ್‌ಎಸ್ ಪೊಟ್ಟಣಗಳು, ಮಂಜುಗಡ್ಡೆಯ ಡಬ್ಬಿ, ಒದ್ದೆ ಮಾಡಲು ಟವೆಲ್‌ಗಳು ಮೈದಾನದಲ್ಲೇ ಇರಬೇಕು. ಮಗು ತೊದಲತೊಡಗಿದರೆ, ದಿಕ್ಕು ತೋಚದಂತೆ ನಡೆದರೆ, ಮೈ ಕೆಂಡದಂತೆ ಸುಟ್ಟರೆ ಅದು ಉಷ್ಣಾಘಾತ. ಆಗ ಮೊದಲು ನೆರಳಿಗೆ ತಂದು ತಣ್ಣೀರು ಸುರಿದು ಮೈ ತಣಿಸಬೇಕು, ಜೊತೆಜೊತೆಗೇ 108ಕ್ಕೆ ಕರೆ ಮಾಡಬೇಕು. ಆಟೋ ಹುಡುಕುತ್ತ ಕಳೆಯುವ ಆ ಮೊದಲ ನಿಮಿಷಗಳೇ ಪ್ರಾಣಕ್ಕೆ ಎರವಾಗುತ್ತವೆ. ಇಷ್ಟನ್ನು ತಿಳಿದ ಒಬ್ಬರಾದರೂ ಪ್ರತಿ ಮೈದಾನದಲ್ಲಿ ಇರಬೇಕೆಂದು ಕೇಳುವುದು ಅತಿಯಾಸೆಯಲ್ಲ. ಶಿಬಿರಗಳು ಆರಂಭವಾಗುವ ಮೊದಲು ಅರ್ಧ ದಿನದ ಪ್ರಥಮ ಚಿಕಿತ್ಸೆಯ ಪಾಠವನ್ನು ಇಲಾಖೆಯೇ ಏರ್ಪಡಿಸಬಹುದು. ವೈದ್ಯಕೀಯ ಕಾಲೇಜುಗಳಿರುವ ಊರು ನಮ್ಮದು.

ಗಾಯದ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ನನ್ನ ಶಾಲೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳು 800 ಮೀಟರ್ ಓಟದಲ್ಲಿ ಚುರುಕು. ತಂದೆ ಹೊಲದ ಕೂಲಿ. ಸಾಲ ಮಾಡಿ ಅವಳನ್ನು ನಗರದ ಒಂದು ಶಿಬಿರಕ್ಕೆ ಸೇರಿಸಿದರು. ಅಲ್ಲಿ ದಿನವೂ ಡಾಂಬರು ರಸ್ತೆಯ ಮೇಲೆ ಓಟ. ಮೂರನೆಯ ವಾರ ಮೊಣಕಾಲಿನ ಕೆಳಗೆ, ಮುಂಗಾಲಿನ ಮೂಳೆಯಲ್ಲಿ ನೋವು ಶುರುವಾಯಿತು. ‘ಸಹಿಸಿಕೊಂಡರೆ ಕಾಲು ಗಟ್ಟಿಯಾಗುತ್ತದೆ’ ಎಂದು ಅಲ್ಲಿನವರು ಇನ್ನಷ್ಟು ಓಡಿಸಿದರು. ಊರಿಗೆ ಬಂದಾಗ ನಾನು ಅವಳ ಕಾಲನ್ನು ಮುಟ್ಟಿ ನೋಡಿದೆ. ಮೂಳೆಯುದ್ದಕ್ಕೂ ಒತ್ತಿದಾಗ ಸುಮ್ಮನಿದ್ದವಳು ಒಂದು ಜಾಗದಲ್ಲಿ, ಬೆರಳಿನ ತುದಿಯಷ್ಟೇ ಜಾಗದಲ್ಲಿ, ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ನೋವು ಹೀಗೆ ಒಂದೇ ಬಿಂದುವಿನಲ್ಲಿ ನಿಂತರೆ ಮೂಳೆಯಲ್ಲಿ ಸಣ್ಣ ಬಿರುಕಿರಬಹುದು ಎಂದು ಓಟ ಕಲಿಸುವ ಯಾರಿಗಾದರೂ ಗೊತ್ತಿರಬೇಕು. ವೈದ್ಯರು ಅದನ್ನೇ ಹೇಳಿದರು. ಆ ವರ್ಷದ ತಾಲ್ಲೂಕು ಕ್ರೀಡಾಕೂಟ ಅವಳ ಕೈ ತಪ್ಪಿತು, ದಸರಾ ಕ್ರೀಡಾಕೂಟವೂ ತಪ್ಪಿತು. ತಂದೆಯ ಸಾಲ ಮಾತ್ರ ಉಳಿಯಿತು.

ಬೆಳೆಯುವ ಮಕ್ಕಳ ಮೂಳೆಯ ತುದಿಗಳಲ್ಲಿ ಇನ್ನೂ ಮೆದುವಾದ ಬೆಳವಣಿಗೆಯ ಭಾಗಗಳಿರುತ್ತವೆ. ದೊಡ್ಡವರ ತರಬೇತಿಯನ್ನು ಅರ್ಧ ಮಾಡಿ ಕೊಟ್ಟರೆ ಮಕ್ಕಳ ತರಬೇತಿಯಾಗುವುದಿಲ್ಲ. ಕ್ರೀಡಾವೈದ್ಯರು ಸ್ಥೂಲವಾಗಿ ಹೇಳುವ ಲೆಕ್ಕವೊಂದಿದೆ: ಮಗುವಿನ ವಯಸ್ಸು ಎಷ್ಟೋ, ವಾರದ ತರಬೇತಿಯ ಗಂಟೆಗಳು ಅದನ್ನು ಮೀರಬಾರದು, ವಾರಕ್ಕೆ ಒಂದು ದಿನವಾದರೂ ಪೂರ್ತಿ ಬಿಡುವು ಬೇಕು. ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆಯಂತೆ ವಾರಕ್ಕೆ ಆರು ದಿನ ಎಂದರೆ ಇಪ್ಪತ್ನಾಲ್ಕು ಗಂಟೆ. ಹನ್ನೆರಡರ ಮಗುವಿಗೆ ಅದು ಎರಡು ಪಟ್ಟು. 13 ವರ್ಷದೊಳಗಿನ ವೇಗದ ಬೌಲರ್‌ಗೆ ಪಂದ್ಯದಲ್ಲಿ ಒಂದು ಸ್ಪೆಲ್‌ಗೆ (ಬೌಲಿಂಗಿನ ಒಂದು ಸರದಿಗೆ) 5 ಓವರ್, ದಿನಕ್ಕೆ 10 ಓವರ್ ಎಂದು ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ತನ್ನ ಮಾರ್ಗಸೂಚಿಯಲ್ಲಿ ಮಿತಿ ಹಾಕಿತ್ತು. ನಮ್ಮ ನೆಟ್‌ಗಳಲ್ಲಿ ಜೋರಾಗಿ ಎಸೆಯುವ ಹುಡುಗ ಸಿಕ್ಕರೆ ಅವನ ಭುಜ ಬೀಳುವವರೆಗೆ ಎಸೆಸುತ್ತಾರೆ. ನೆಲವನ್ನೂ ನೋಡಬೇಕು. ಸಭಾಂಗಣಗಳ ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಚಾಪೆಯೂ ಇಲ್ಲದೆ ಕರಾಟೆಯ ಜಿಗಿತ ಕಲಿಸುವುದು, ಬೇಸಿಗೆಗೆ ಬಾಯಿಬಿಟ್ಟ ಎರೆ ಮಣ್ಣಿನ ಮೇಲೆ ಕಬಡ್ಡಿ ಆಡಿಸುವುದು ಎರಡೂ ಕಾಲಿಗೆ ಅಪಾಯ. ನಮ್ಮ ಹಿಂದಿನ ಗುರುಗಳು ಮರಳು ಮಿಶ್ರಿತ ಕೆಂಪು ಮಣ್ಣು ಹಾಕಿಸಿ, ನೀರು ಚಿಮುಕಿಸಿ, ಆಮೇಲೆಯೇ ಮಕ್ಕಳನ್ನು ಅಂಕಣಕ್ಕೆ ಇಳಿಸುತ್ತಿದ್ದರು.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳುತ್ತೇನೆ. ಹನ್ನೆರಡು, ಹದಿಮೂರರ ವಯಸ್ಸಿನಲ್ಲಿ ಹುಡುಗಿಯರು ಮೈದಾನ ಬಿಡುತ್ತಾರೆ. ಮನೆಯವರು ಬಿಡಿಸಿದರು ಎಂದು ಎಲ್ಲರೂ ಹೇಳುತ್ತಾರೆ. ಆ ಮನೆಯವರ ಬಳಿ ಕೂತು ಮಾತನಾಡಿದರೆ ತಿಳಿಯುತ್ತದೆ: ಶೌಚಾಲಯಕ್ಕೆ ಬಾಗಿಲಿಲ್ಲ, ಬಾಗಿಲಿದ್ದರೆ ನೀರಿಲ್ಲ, ಬಟ್ಟೆ ಬದಲಿಸಲು ಕೋಣೆಯಿಲ್ಲ, ತಿಂಗಳ ದಿನಗಳಲ್ಲಿ ಹೇಳಿಕೊಳ್ಳಲು ಒಬ್ಬ ಹೆಂಗಸೂ ಇಲ್ಲ. ಇದ್ಯಾವುದೂ ಸಂಪ್ರದಾಯದ ಸಮಸ್ಯೆಯಲ್ಲ, ವ್ಯವಸ್ಥೆಯ ಸಮಸ್ಯೆ. ಹುಡುಗಿಯರಿರುವ ಪ್ರತಿ ಶಿಬಿರದಲ್ಲೂ ಒಬ್ಬ ಮಹಿಳಾ ತರಬೇತುದಾರರು ಅಥವಾ ಸಹಾಯಕಿ ಪೂರ್ತಿ ಹೊತ್ತು ಇರಲೇಬೇಕು ಎಂಬ ಸಾಲು ಆ ಪುಟದಲ್ಲಿ ಬರಲಿ.

ಶಿಬಿರ ವಸತಿ ಸಹಿತವಾದರೆ, ಪಂದ್ಯಕ್ಕೆಂದು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಕರೆದೊಯ್ದರೆ ಇನ್ನೂ ಎಚ್ಚರ ಬೇಕು. ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ? ಮಗು ಮನೆಗೆ ಯಾವಾಗ ಬೇಕಾದರೂ ಫೋನ್ ಮಾಡಬಹುದೇ? ಒಬ್ಬ ದೊಡ್ಡವರು ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದೆಂಬ ನಿಯಮ ಇದೆಯೇ? 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದ ಮೇಲೆ ದೂರು ಕೊಡದೆ ಸುಮ್ಮನಿರುವುದೂ ಅಪರಾಧ. ಹೆಸರು ಕೆಡುತ್ತದೆಂದು ಮುಚ್ಚಿಡುವ ಸಂಘಟಕರಿಗೆ ಇದನ್ನು ಬರೆದೇ ತಿಳಿಸಬೇಕು. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿ ಮೈದಾನದ ಗೋಡೆಯ ಮೇಲೆ, ಮಕ್ಕಳ ಎತ್ತರಕ್ಕೆ ಇರಲಿ.

ಆಮಿಷಗಳ ಬಗ್ಗೆ ಚುಟುಕಾಗಿ. ‘ರಾಜ್ಯ ತಂಡಕ್ಕೆ ಆಯ್ಕೆ ಖಚಿತ’ ಎಂದು ಯಾವ ಶಿಬಿರವೂ ಹೇಳುವಂತಿಲ್ಲ. ಆಯ್ಕೆ ಮಾಡುವುದು ಆಯಾ ಕ್ರೀಡಾ ಸಂಸ್ಥೆಗಳು ಮತ್ತು ಶಾಲಾ ಕ್ರೀಡಾಕೂಟಗಳ ಸಮಿತಿಗಳು. ಶಿಬಿರದ ಕೊನೆಯ ದಿನ ಕೊಡುವ ಬಣ್ಣದ ಪ್ರಮಾಣಪತ್ರದಿಂದ ಕ್ರೀಡಾ ಕೋಟಾದ ಸೀಟು ಬರುವುದಿಲ್ಲ. ವಯಸ್ಸು ಕಡಿಮೆ ಮಾಡಿಸಿ ಜನನ ಪತ್ರ ಮಾಡಿಸಿಕೊಡುತ್ತೇವೆ ಎನ್ನುವವರಿದ್ದರೆ ಮಗುವನ್ನು ಅವರ ನೆರಳಿಗೂ ಬಿಡಬೇಡಿ. ಮಣಿಕಟ್ಟಿನ ಎಕ್ಸ್-ರೇಯಿಂದ ಮೂಳೆಯ ವಯಸ್ಸು ನೋಡುವ ಪರೀಕ್ಷೆ ಕ್ರಿಕೆಟ್ ಮಂಡಳಿಯಲ್ಲಿ ಜಾರಿಯಲ್ಲಿದೆ, ಸಿಕ್ಕಿಬಿದ್ದರೆ ಕಳಂಕ ಹೊರುವುದು ಮಗು. ಶಕ್ತಿ ಬರುತ್ತದೆಂದು ಹೆಸರಿಲ್ಲದ ಡಬ್ಬಿಯ ಪುಡಿ ಮಾರುವವರದೂ ಅದೇ ಕಥೆ. ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕರೆ ಹೊಣೆ ಆಟಗಾರನದೇ ಎಂಬುದು ಉದ್ದೀಪನ ಮದ್ದು ತಡೆ ನಿಯಮಗಳ ಮೂಲ ಮಾತು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ತೊಗರಿ ಬೆಳೆಯುವ ನಾಡು ನಮ್ಮದು. ಜೋಳದ ರೊಟ್ಟಿ, ತೊಗರಿಬೇಳೆ, ಮೊಳಕೆ ಬಂದ ಹೆಸರುಕಾಳು, ಶೇಂಗಾ ಹಿಂಡಿ, ಒಂದು ಮೊಟ್ಟೆ, ಎರಡು ಲೋಟ ಮಜ್ಜಿಗೆ: ಓಡುವ ಮಗುವಿಗೆ ಇದಕ್ಕಿಂತ ಒಳ್ಳೆಯ ಊಟವನ್ನು ನಾನು ಕಂಡಿಲ್ಲ.

ಕೊನೆಯದಾಗಿ, ಆಯ್ಕೆ ಮಾಡಲು ಶಿಬಿರವೇ ಇಲ್ಲದ ಮಕ್ಕಳ ಮಾತು. ಚಿಂಚೋಳಿಯ ತಾಂಡಾದ ಹುಡುಗಿ, ಅಫಜಲಪುರದ ಭೀಮಾ ದಂಡೆಯ ಹುಡುಗ ಬೆಳಿಗ್ಗೆ ಐದೂವರೆಗೆ ಕಲಬುರಗಿಯ ಮೈದಾನ ಮುಟ್ಟಲು ಸಾಧ್ಯವಿಲ್ಲ; ಆ ಹೊತ್ತಿಗೆ ಅವರನ್ನು ಕರೆತರುವ ಬಸ್ಸಿಲ್ಲ. ನಮ್ಮ ಊರಿನ ಹೆಸರು ಹೊತ್ತ ತಂಡ 2022ರಲ್ಲಿ ಮಹಾರಾಜ ಟ್ರೋಫಿ ಕ್ರಿಕೆಟ್ ಟೂರ್ನಿ ಗೆದ್ದಾಗ ಎಲ್ಲರೂ ಹೆಮ್ಮೆಪಟ್ಟೆವು, ಆದರೆ ಆ ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರುಗಳಲ್ಲಿ. ನಮ್ಮ ಮಕ್ಕಳಿಗೆ ಆಟ ಯಾವಾಗಲೂ ದೂರದ ಊರಿನದೇ ಆಗಿ ಉಳಿಯಬಾರದು. ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಶಾಲೆಗಳ ಮೈದಾನಗಳಿವೆ, ದೈಹಿಕ ಶಿಕ್ಷಕರೂ ಇದ್ದಾರೆ. ರಜೆಯ ದಿನಗಳಿಗೆ ಅವರಿಗೊಂದು ಗೌರವಧನ, ಮಕ್ಕಳಿಗೆ ಬೂಟು, ಮೊಟ್ಟೆ, ಬಸ್ ಪಾಸ್ ಕೊಟ್ಟರೆ ತಾಲ್ಲೂಕಿಗೊಂದು ಉಚಿತ ಶಿಬಿರ ನಡೆಯುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ರಸ್ತೆ, ಕಟ್ಟಡಗಳ ಜೊತೆಗೆ ಈ ಮಕ್ಕಳ ಕಾಲಿಗೂ ಬರಲಿ.

ಮಾಹಿತಿ ಪುಟದ ನಿಯಮ ಮೊದಲು ನಿಮ್ಮ ಇಲಾಖೆಯ ಬೇಸಿಗೆ ಶಿಬಿರಕ್ಕೇ ಅನ್ವಯವಾಗಲಿ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಬಾಗಿಲಲ್ಲಿ ಆ ಪುಟ ಕಂಡರೆ, ನಮಗೇಕೆ ಈ ನಿಯಮ ಎಂದು ಖಾಸಗಿಯವರು ಕೇಳುವಂತಿಲ್ಲ. ಶಾಲೆಗಳಿಗೆ ರಜೆ ಸಿಗುವುದು ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ. ಪಾಲಕರು ಹಣ ಕಟ್ಟುವುದು ಅದಕ್ಕೂ ಮೊದಲು. ಆದ್ದರಿಂದ ಸುತ್ತೋಲೆ ಮಾರ್ಚ್ ಮುಗಿಯುವುದರೊಳಗೆ ಹೊರಡಬೇಕು. ಪುಟದ ಕರಡು ಬರೆಯಲು, ಮೈದಾನಗಳಿಗೆ ಹೋಗಿ ನೋಡಿ ಬರಲು ನನ್ನಂಥ ನಿವೃತ್ತ ದೈಹಿಕ ಶಿಕ್ಷಕರು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಸಂಬಳ, ಭತ್ಯೆ ಬೇಡ. ಕರೆ ಕಳುಹಿಸಿದರೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕಿ, ಕಲಬುರಗಿ